ರಿಸರ್ವ್ ಪುಸ್ತಕ ಮನೀಗೆ ಒಯ್ಯಾಕ ಬರ್ತೈತೇನು?

ಪ್ರಶ್ನೆ: ಸರ್, ನಾನು ಕೊಪ್ಪಳದಾಗ ಎಂ.ಎ. ಎಕನಾಮಿಕ್ಸ್ ಓದಾಕತ್ತೀನಿ, ದಿನಾ ಊರಿಂದ ಬಸ್ಸಿಗೆ ಓಡಾಟ. ನಮ್ಮ ಸರ್ ಹೇಳಿದ ಪುಸ್ತಕ ಲೈಬ್ರರಿಯೊಳಗ ರಿಸರ್ವ್ ಅಂತ ಇಟ್ಟಾರ, ಎರಡು ತಾಸು ಅಲ್ಲೇ ಕುಂತು ಓದಿ ವಾಪಸ್ ಕೊಡಬೇಕಂತ, ಕ್ಲಾಸ್ ಮುಗಿಯೂದ್ರಾಗ ನನಗ ಬಸ್ ಟೈಮ್ ಆಗಿರ್ತೈತಿ. ಇನ್ನೊಂದು ಇ-ಬುಕ್ ಐತಿ, ಕಾಲೇಜ್ ವೈಫೈದಾಗ ತೆರೀತೈತಿ, ಮನಿಯಾಗ ರೊಕ್ಕ ಕೇಳ್ತೈತಿ. ಝೆರಾಕ್ಸ್ ಮಾಡ್ಸಿದ್ರ ಕೇಸ್ ಆಗ್ತೈತಿ ಅಂತಾರ ಫ್ರೆಂಡ್ಸ್. ಏನ್ ಮಾಡ್ಲಿ?
– ಓದುಗಿ, ಯಲಬುರ್ಗಾ ತಾಲೂಕು

ಉತ್ತರ: ನೋಡವಾ, ಕ್ಲಾಸ್ ತುಂಬ ಮಂದಿ, ಪುಸ್ತಕ ಒಂದೋ ಎರಡೋ, ಒಬ್ರು ಹದಿನೈದು ದಿನ ಮನೀಗೆ ಒಯ್ದ್ರ ಇಂಟರ್ನಲ್ಸ್ ಟೈಮ್‌ನಾಗ ಉಳಿದವ್ರ ಗತಿ ಏನು, ಅದಕ್ಕ ರಿಸರ್ವ್ ಇಡ್ತಾರ. ಆದ್ರ ಆ ಎರಡು ತಾಸಿನ ರೂಲು ಕಲ್ಲಾಗ ಕೆತ್ತಿದ್ದೇನಲ್ಲ. ಎಷ್ಟೋ ಲೈಬ್ರರಿಯೊಳಗ ಓವರ್‌ನೈಟ್ ಇಶ್ಯೂ ಅಂತ ಇರ್ತೈತಿ, ಸಂಜಿಗೆ ಬಾಗಿಲು ಹಾಕೂ ಮುಂಚೆ ತಗೊಂಡು ಮುಂಜಾನೆ ತೆರದ ಕೂಡ್ಲೇ ತಂದು ಕೊಡೂದು. ನೀನು ಹೆಂಗೂ ದಿನಾ ಬರ್ತಿ, ನಿನಗಿದು ಚಲೋ. ಕೌಂಟರ್‌ನ್ಯಾಗ ಇಲ್ಲ ಅಂದ್ರ ಅಲ್ಲೇ ಜಗಳ ತಗೀಬ್ಯಾಡ, ನಿಮ್ಮ ಸರ್ ಹತ್ರ ಹೋಗು, ಯಾವ ಪುಸ್ತಕ ರಿಸರ್ವ್ ಇಡಬೇಕು ಅಂತ ಲಿಸ್ಟ್ ಕೊಡೋರು ಸಾಮಾನ್ಯವಾಗಿ ಪಾಠ ಮಾಡೋರೇ, ಒಂದು ಕಾಪಿ ರೀಡಿಂಗ್ ರೂಮಿಗೆ ಇರ್ಲಿ ಇನ್ನೊಂದು ರಾತ್ರಿಗೆ ಕೊಡ್ರಿ ಅಂತ ಅವ್ರು ಬರ್ದು ಕೊಟ್ರ ಲೈಬ್ರೇರಿಯನ್ ಬ್ಯಾಡ ಅನ್ನೂದು ಕಡಿಮಿ.

ಝೆರಾಕ್ಸ್ ವಿಷಯಕ್ಕ ಅಷ್ಟು ಹೆದರಬ್ಯಾಡ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಒಳಗ ಪಾಠಕ್ಕಂತ ಮಾಸ್ತರು, ವಿದ್ಯಾರ್ಥಿ ಪ್ರತಿ ಮಾಡ್ಕೊಳ್ಳಾಕ ಅವಕಾಶ ಐತಿ. ದಿಲ್ಲಿ ಯೂನಿವರ್ಸಿಟಿ ಕ್ಯಾಂಪಸ್‌ನ ಒಂದು ಝೆರಾಕ್ಸ್ ಅಂಗಡಿ ಮ್ಯಾಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ದೊಡ್ಡ ಪ್ರಕಾಶಕರೇ ಕೇಸ್ ಹಾಕಿದ್ರು, ಬ್ಯಾರೆ ಬ್ಯಾರೆ ಪುಸ್ತಕದ ಚಾಪ್ಟರ್ ಕೂಡ್ಸಿ ಕೋರ್ಸ್ ಪ್ಯಾಕ್ ಮಾಡಿ ಮಾರ್ತಾರ ಅಂತ. 2016ರಾಗ ದಿಲ್ಲಿ ಹೈಕೋರ್ಟ್ ಅದನ್ನ ಒಪ್ಪಲಿಲ್ಲ, ಅದೇ ವರ್ಷ ಡಿಸೆಂಬರ್‌ನ್ಯಾಗ ಇಬ್ರು ಜಡ್ಜ್‌ಗಳ ಡಿವಿಜನ್ ಬೆಂಚೂ ಪಾಠಕ್ಕ ಬೇಕಾದಷ್ಟು ಪ್ರತಿ ಮಾಡಬಹುದು ಅಂತು, 2017ರಾಗ ಪ್ರಕಾಶಕರು ಕೇಸೇ ವಾಪಸ್ ತಗೊಂಡ್ರು. ಹಂಗಂತ ರಟ್ಟಿನಿಂದ ರಟ್ಟಿಗೆ ಇಡೀ ಪುಸ್ತಕ ಹೊಡ್ಸಿ ಬೈಂಡ್ ಮಾಡ್ಸಾಕ ಈ ತೀರ್ಪು ಹಿಡ್ಕೊಂಡು ಹೋಗಬ್ಯಾಡ. ಸಿಲಬಸ್ ಮುಂದಿಟ್ಕೊಂಡು ಯಾವ ಚಾಪ್ಟರ್, ಯಾವ ಪುಟ ಅಂತ ಮೊದ್ಲೇ ಗುರ್ತು ಮಾಡ್ಕೊಂಡು ಹೋದ್ರ ಎರಡು ತಾಸೂ ಬೇಕಾಗಂಗಿಲ್ಲ.

ಇನ್ನ ಇ-ಬುಕ್. ಕಾಲೇಜಿನ ನೆಟ್‌ವರ್ಕ್‌ನ ಐಪಿ, ಅಂದ್ರ ನೆಟ್ಟಿನ ವಿಳಾಸ, ನೋಡಿ ಬಾಗಿಲು ತೆಗೀತೈತಿ ಅದು, ನಿನ್ನ ಮೊಬೈಲ್ ಡೇಟಾ ಅದಕ್ಕ ಗುರ್ತಿಲ್ಲ. ಹಂಗಾಗಿ ಹೊರಗಿಂದ ತೆರಿಯಾಕ ರಿಮೋಟ್ ಲಾಗಿನ್ ಐತೇನ್ರಿ ಅಂತ ಲೈಬ್ರರಿಯೊಳಗ ಕೇಳು. ಗುಜರಾತಿನ ಗಾಂಧಿನಗರದಾಗಿರೂ ಯುಜಿಸಿಯ ಲೈಬ್ರರಿ ಕೇಂದ್ರ ಇನ್‌ಫ್ಲಿಬ್‌ನೆಟ್, ಅದು ಕಾಲೇಜುಗಳಿಗೆ ಇ-ಬುಕ್ ಕೊಡಾಕ ನಡೆಸೂ ಎನ್-ಲಿಸ್ಟ್ ಯೋಜನೆಗೆ ನಿಮ್ಮ ಕಾಲೇಜ್ ಮೆಂಬರ್ ಆಗಿದ್ರ ನಿನ್ನ ಹೆಸ್ರಿಗೇ ಐಡಿ ಪಾಸ್‌ವರ್ಡ್ ಸಿಗ್ತೈತಿ, ಮನಿಯಾಗ ಕುಂತೂ ತೆರೀಬಹುದು, ಆದ್ರ ನಿನ್ನ ಹೆಸ್ರು ಲೈಬ್ರರಿಯವ್ರು ಸೇರಿಸಿರಬೇಕು, ಬಹಳ ಕಡಿ ಯಾರೂ ಕೇಳಂಗಿಲ್ಲ ಅಂತ ಅದು ಹಂಗೇ ಬಿದ್ದಿರ್ತೈತಿ. ನಿಮ್ಮ ಪುಸ್ತಕ ಅದರಾಗ ಐತೋ ಇಲ್ಲೋ ಹುಡುಕಿ ನೋಡ್ಕೋಬೇಕು. ಒಂದು ಎಚ್ಚರಿಕಿ, ಕೆಲವು ಇ-ಬುಕ್ ಒಂದೇ ಸಲಕ್ಕ ಇಷ್ಟೇ ಮಂದಿ ಓದಬೇಕು ಅಂತ ಲೈಸೆನ್ಸ್ ಇರ್ತಾವ, ಓದಿ ಆದ್ಮ್ಯಾಲೆ ಲಾಗೌಟ್ ಆಗು. ಒಂದೇ ರಾತ್ರಿಗೆ ನೂರಾರು ಪಿಡಿಎಫ್ ಎಳಕೊಂಡ್ರ ಪ್ರಕಾಶಕರು ಇಡೀ ಕಾಲೇಜಿನ ದಾರೀನೇ ಬಂದ್ ಮಾಡೂದೂ ಐತಿ, ಆಮ್ಯಾಲೆ ಬೈಸ್ಕೊಳ್ಳೋಕಿ ನೀನೇ. ಪಿ.ಜಿ. ಸಿಲಬಸ್ಸಿಗೆ ಇ-ಪಿಜಿ ಪಾಠಶಾಲಾ ಅನ್ನೂ ಸರ್ಕಾರಿ ವೆಬ್‌ಸೈಟ್ ಪುಕ್ಕಟೆ ಐತಿ, ಎಕನಾಮಿಕ್ಸ್ ಪಾಠಗಳೂ ಅದಾವ, ಅದಕ್ಕ ಯಾರ ಲಾಗಿನ್ನೂ ಕೇಳೂದು ಬ್ಯಾಡ.

ಪ್ರಶ್ನೆ: ರಿಸರ್ವ್ ಪುಸ್ತಕ ಬಸ್ಸಿನ್ಯಾಗ ಕಳ್ಕೊಂಡೀನಿ. ಹೇಳದಂಗ ಇರ್ಲೇನು?
– ಓದುಗ, ರಾಯಚೂರು

ಉತ್ತರ: ನಾಳೆನೇ ಹೋಗಿ ಹೇಳಪ್ಪ. ಸುಮ್ನಿದ್ದಷ್ಟು ದಂಡ ಏರ್ತೈತಿ, ಕಡೀಕ ಬಾಕಿ ಇಲ್ಲ ಅನ್ನೂ ನೋ ಡ್ಯೂ ಚೀಟಿ ಸಿಗದೆ ಟಿಸಿ, ಮಾರ್ಕ್ಸ್ ಕಾರ್ಡ್ ನಿಂದರ್ತಾವ. ಸಾಮಾನ್ಯವಾಗಿ ಅದೇ ಪುಸ್ತಕದ ಹೊಸಾ ಎಡಿಶನ್ ತಂದು ಕೊಟ್ರ ಒಪ್ತಾರ, ಸಿಗದಿದ್ರ ಬೆಲೆ ಕಟ್ಟಿಸ್ಕೋತಾರ. ಕೊಳ್ಳೂ ಮುಂಚೆ ಯಾವ ಎಡಿಶನ್ ಬೇಕು ಕೇಳ್ಕೋ, ರೊಕ್ಕ ಕಟ್ಟಿದ್ರ ರಸೀದಿ ಇಸ್ಕೋ. ಹಂಗೇ ಡಿಪೋಕ್ಕೂ ಒಂದು ಸಲ ಹೋಗಿ ಬಾ, ಕಂಡಕ್ಟರ್‌ಗೆ ಸಿಕ್ಕ ಸಾಮಾನು ಅಲ್ಲಿಗೆ ಒಪ್ಪಿಸಿದ್ರೂ ಒಪ್ಪಿಸಿರ್ತಾರ.