ಅಕ್ಕನ ಮೆಡಿಕೇರ್ ಬಳ್ಳಾರಿಯಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ಮೂವತ್ತು ವರ್ಷಗಳಿಂದ ಅಮೆರಿಕದಲ್ಲಿರುವ ನಮ್ಮ ಅಕ್ಕನಿಗೆ ಬರುವ ಮಾರ್ಚಿಗೆ 65 ತುಂಬುತ್ತದೆ. ಸಕ್ಕರೆ ಕಾಯಿಲೆಗೂ ಬಿ.ಪಿ.ಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಪ್ರತಿ ಚಳಿಗಾಲದಲ್ಲಿ ಮೂರು ತಿಂಗಳು ನಮ್ಮ ಮನೆಯಲ್ಲಿರುತ್ತಾರೆ. ಅವರು ಮೂಲ ಮೆಡಿಕೇರ್ ಆರಿಸಬೇಕೋ, ಅಡ್ವಾಂಟೇಜ್ ಯೋಜನೆಯನ್ನೋ?
- ಓದುಗರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಮೆಡಿಕೇರ್ ಎಂದರೆ ಮುಖ್ಯವಾಗಿ 65 ತುಂಬಿದವರಿಗೆ ಅಮೆರಿಕ ಸರ್ಕಾರ ಒದಗಿಸುವ ಆರೋಗ್ಯ ವಿಮೆ. ಸರ್ಕಾರವೇ ನೇರವಾಗಿ ನಡೆಸುವ ಮೂಲ ಮೆಡಿಕೇರಿನಲ್ಲಿ ‘ಎ’ ಭಾಗ ಆಸ್ಪತ್ರೆಯ ವೆಚ್ಚವನ್ನೂ ‘ಬಿ’ ಭಾಗ ವೈದ್ಯರ ಶುಲ್ಕವನ್ನೂ ನೋಡಿಕೊಳ್ಳುತ್ತವೆ, ಆದರೆ ‘ಬಿ’ಯಲ್ಲಿ ಸಾಮಾನ್ಯವಾಗಿ ಶೇ. 20ರಷ್ಟು ರೋಗಿಯ ಪಾಲಿಗೇ ಉಳಿಯುತ್ತದೆ, ಅದಕ್ಕೆ ವಾರ್ಷಿಕ ಮಿತಿಯೂ ಇಲ್ಲ. ಅದರ ಬದಲಿಗೆ ಖಾಸಗಿ ವಿಮಾ ಕಂಪನಿಗಳು ನಡೆಸುವ ಅಡ್ವಾಂಟೇಜಿನಲ್ಲಿ ಮಿತಿಯಿದೆ, ಆದರೆ ಬಹುಪಾಲು ಯೋಜನೆಗಳು ನಿಗದಿತ ವೈದ್ಯರ ಜಾಲಕ್ಕೆ ಕಟ್ಟುಬೀಳಿಸುತ್ತವೆ.

ನಿಮ್ಮ ಅಕ್ಕನವರ ವಿಷಯದಲ್ಲಿ ಬಳ್ಳಾರಿಯ ಮೂರು ತಿಂಗಳೇ ಮುಖ್ಯ. ಮೂಲ ಮೆಡಿಕೇರ್ ಭಾರತದಲ್ಲಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ, ಇಲ್ಲಿ ಕೊಂಡ ಮಾತ್ರೆಗಳಿಗೆ ಔಷಧದ ವೆಚ್ಚ ನೋಡಿಕೊಳ್ಳುವ ‘ಡಿ’ ಭಾಗವೂ ಅನ್ವಯಿಸದು. ಮೆಡಿಗ್ಯಾಪ್ ಎಂಬ ಪೂರಕ ವಿಮೆಯ ‘ಜಿ’, ‘ಎನ್’ ಮುಂತಾದ ಕೆಲವು ಬಗೆಗಳು ವಿದೇಶದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದ ಮೇಲೆ, ಶೇ. 80ರಷ್ಟು ಭರಿಸುತ್ತವೆಯಾದರೂ ಅದು ಪ್ರವಾಸದ ಮೊದಲ 60 ದಿನಗಳಲ್ಲಿ ಆರಂಭವಾದ ಚಿಕಿತ್ಸೆಗೆ ಮಾತ್ರ, ಜೀವಮಾನದ ಮಿತಿ 50,000 ಡಾಲರ್. ಆದ್ದರಿಂದ ಮೂಲ ಮೆಡಿಕೇರ್, ಮೆಡಿಗ್ಯಾಪ್ ಮತ್ತು ‘ಡಿ’ ಭಾಗದ ಜೋಡಣೆಯೇ ಅವರಿಗೆ ಹಿತವೆಂದು ನನ್ನ ಅಭಿಪ್ರಾಯ. ಮೂರನೆಯ ತಿಂಗಳಿಗೆ ಪ್ರವಾಸ ವಿಮೆ ಬೇಕೇ ಬೇಕು.

65 ತುಂಬಿ ‘ಬಿ’ ಭಾಗ ಆರಂಭವಾದ ಮೊದಲ ಆರು ತಿಂಗಳಲ್ಲಿ ಆರೋಗ್ಯದ ಕಾರಣಕ್ಕೆ ಮೆಡಿಗ್ಯಾಪ್ ನಿರಾಕರಿಸುವಂತಿಲ್ಲ. ಸಕ್ಕರೆ ಕಾಯಿಲೆಯಿರುವವರು ಈ ಅವಧಿಯನ್ನು ದಯವಿಟ್ಟು ಕಳೆದುಕೊಳ್ಳಬಾರದು. ‘ಡಿ’ ಯೋಜನೆಯನ್ನು ಕಂತಿನ ಮೊತ್ತವೊಂದನ್ನೇ ನೋಡಿ ಆರಿಸದೆ, ಪ್ರತಿ ಮಾತ್ರೆಯೂ ಅದರ ಔಷಧಪಟ್ಟಿಯಲ್ಲಿ ಯಾವ ವೆಚ್ಚದ ದರ್ಜೆಯಲ್ಲಿದೆಯೆಂದು ಪರಿಶೀಲಿಸಲಿ. ಪಟ್ಟಿ ವರ್ಷಕ್ಕೊಮ್ಮೆ ಬದಲಾಗಬಹುದು; ಯೋಜನೆ ಬದಲಿಸಲು ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಅವಕಾಶವಿದೆ, ಇಲ್ಲಿಗೆ ಹೊರಡುವ ಮೊದಲೇ ಅದನ್ನು ಮುಗಿಸಿಕೊಳ್ಳಲು ಹೇಳಿ.