ವಾಹನ ಪ್ರಶ್ನೋತ್ತರ: ಯಾವ ಸೂಪರ್‌ಚಾರ್ಜರ್ ಯಾರಿಗೆ?

ಪ್ರಶ್ನೆ: ನನ್ನದು 2016ರ ಫೋರ್ಡ್ ಮಸ್ಟಾಂಗ್ ಜಿಟಿ, 5.0 ಲೀಟರ್ ವಿ8. ಆಫೀಸಿಗೂ ಇದರಲ್ಲೇ ಹೋಗುತ್ತೇನೆ. ಪಿಸ್ಟನ್, ಕನೆಕ್ಟಿಂಗ್ ರಾಡ್ ಮುಟ್ಟದೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಹಾಕಿಸುವುದಾದರೆ ರೂಟ್ಸ್, ಟ್ವಿನ್ ಸ್ಕ್ರೂ, ಸೆಂಟ್ರಿಫ್ಯೂಗಲ್ ಈ ಮೂರರಲ್ಲಿ ಯಾವುದು?
– ಡಲ್ಲಾಸ್‌ನ ಓದುಗರು

ಉತ್ತರ: ಜಾಹೀರಾತಿನ ಎಚ್‌ಪಿ ಅಂಕಿಯನ್ನು ಪಕ್ಕಕ್ಕಿಡಿ. ಆಫೀಸಿನ ದಾರಿಯಲ್ಲಿ ನಿಮ್ಮ ಎಂಜಿನ್ ಹೆಚ್ಚು ಹೊತ್ತು ತಿರುಗುವುದು 1,500ರಿಂದ 3,500 ಆರ್‌ಪಿಎಂ ನಡುವೆ. ಅಲ್ಲಿ ಯಾವುದು ಬೂಸ್ಟ್ (ಗಾಳಿಯ ಹೆಚ್ಚುವರಿ ಒತ್ತಡ, ಅಳೆಯುವುದು ಪಿಎಸ್‌ಐನಲ್ಲಿ) ಕೊಡುತ್ತದೆ ಎಂಬುದನ್ನು ಮೊದಲು ನೋಡಿ.

ಸೆಂಟ್ರಿಫ್ಯೂಗಲ್ (ವೋರ್ಟೆಕ್, ಪ್ರೊಚಾರ್ಜರ್ ಕಂಪನಿಗಳದು) ಎಂದರೆ ಬೆಲ್ಟ್‌ನಿಂದ ತಿರುಗುವ ಟರ್ಬೊ ಕಂಪ್ರೆಸರ್. ಅದರ ಬೂಸ್ಟ್ ಹೆಚ್ಚುಕಡಿಮೆ ತಿರುಗುವ ವೇಗದ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ. 7,000 ಆರ್‌ಪಿಎಂನಲ್ಲಿ 9 ಪಿಎಸ್‌ಐ ಬರುವ ಪುಲ್ಲಿ ಹಾಕಿದರೆ 3,500ರಲ್ಲಿ ಸಿಗುವುದು ಎರಡು ಪಿಎಸ್‌ಐ ಚಿಲ್ಲರೆ. ಸಿಗ್ನಲ್‌ನಿಂದ ಹೊರಡುವಾಗ ಹಳೇ ಕಾರೇ ಅನಿಸುತ್ತದೆ, ಮೇಲಕ್ಕೆ ಹೋದಂತೆ ಹುಚ್ಚೆದ್ದು ಓಡುತ್ತದೆ. ಗಾಳಿ ಕಡಿಮೆ ಬಿಸಿಯಾಗುತ್ತದೆ, ಹಿಂದಿನ ಟೈರುಗಳು ಕೆಳಗಿನ ಗೇರಿನಲ್ಲಿ ಹಿಡಿತ ಕಳೆದುಕೊಳ್ಳುವುದೂ ಕಡಿಮೆ. ಹಾಗಾಗಿ ಟ್ರ್ಯಾಕ್‌ಗೆ ಹೋಗುವವರ ಮೆಚ್ಚಿನದು ಇದು.

ಕೆಳಗಿನ ಆರ್‌ಪಿಎಂನಲ್ಲೇ ಬೂಸ್ಟ್ ಕೊಡುವುದು ಉಳಿದೆರಡು. ಅವುಗಳಲ್ಲಿ ರೂಟ್ಸ್ ತನ್ನ ಹೊಟ್ಟೆಯೊಳಗೆ ಗಾಳಿಯನ್ನು ಒತ್ತುವುದಿಲ್ಲ; ಲೋಬ್‌ಗಳ (ರೋಟರಿನ ಉಬ್ಬುಗಳ) ನಡುವೆ ಹಿಡಿದು ಆಚೆ ದಾಟಿಸುತ್ತದೆ, ಅಷ್ಟೆ. ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಮೊದಲೇ ತುಂಬಿರುವ ಒತ್ತಡದ ಗಾಳಿ ಪ್ರತಿ ಸಲ ಹಿಂದಕ್ಕೆ ನುಗ್ಗಿ ಹೊಸ ಗಾಳಿಯನ್ನು ಅದುಮುತ್ತದೆ. ಬಿಸಿ ಹೆಚ್ಚುವುದು ಅಲ್ಲೇ. ಆದರೆ ಹಳೆಯ ಮೂರು ಲೋಬ್‌ನ ರೂಟ್ಸ್ ನೋಡಿ ಇಂದಿನದನ್ನು ಅಳೆಯಬೇಡಿ. ಈಟನ್ ಕಂಪನಿಯ ಹೊಸ ಬಗೆಯ ರೂಟ್ಸ್ ಆದ ಟಿವಿಎಸ್‌ನಲ್ಲಿ ನಾಲ್ಕು ಲೋಬ್, 160 ಡಿಗ್ರಿ ತಿರುಚು. ಸದ್ದೂ ಬಿಸಿಯೂ ಬಹಳ ಇಳಿದಿವೆ. 2020ರ ಶೆಲ್ಬಿ ಜಿಟಿ500 ಕಾರಿಗೆ ಫೋರ್ಡ್ ಕಾರ್ಖಾನೆಯಲ್ಲೇ ಹಾಕಿದ್ದು 2.65 ಲೀಟರಿನ ಟಿವಿಎಸ್.

ಟ್ವಿನ್ ಸ್ಕ್ರೂನಲ್ಲಿ ಎರಡು ರೋಟರ್‌ಗಳು ಹೆಣೆದ ಬೆರಳುಗಳಂತೆ ಒಂದರೊಳಗೊಂದು ಕೂತು ತಿರುಗುತ್ತವೆ, ಗಾಳಿ ಹೊರಬೀಳುವ ಮೊದಲೇ ಒತ್ತಿರುತ್ತದೆ. ವಿಪ್ಪಲ್, ಕೆನ್ ಬೆಲ್ ಕಂಪನಿಗಳವು ಈ ಜಾತಿಯವು. 2015ರ ಡಾಡ್ಜ್ ಹೆಲ್‌ಕ್ಯಾಟ್‌ನ 707 ಎಚ್‌ಪಿ ಹಿಂದೆ ಇರುವುದೂ 2.4 ಲೀಟರಿನ ಟ್ವಿನ್ ಸ್ಕ್ರೂ.

ಬಿಸಿಯ ಲೆಕ್ಕ ಹೀಗಿದೆ. ಹೊರಗೆ 30 ಡಿಗ್ರಿ, ಬೂಸ್ಟ್ 8 ಪಿಎಸ್‌ಐ ಎನ್ನಿ. ಸೂಪರ್‌ಚಾರ್ಜರಿನ ದಕ್ಷತೆ ಶೇ 60 ಇದ್ದರೆ ಗಾಳಿ ಸುಮಾರು 96 ಡಿಗ್ರಿಯಲ್ಲಿ ಹೊರಬೀಳುತ್ತದೆ, ಶೇ 75 ಇದ್ದರೆ 83ರ ಆಸುಪಾಸು. ಈ 13 ಡಿಗ್ರಿಯ ಅಂತರವನ್ನು ಒಳ್ಳೆಯ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ಬಹುಪಾಲು ನುಂಗಿಹಾಕುತ್ತದೆ. ಆದ್ದರಿಂದ 8 ಪಿಎಸ್‌ಐ ಒಳಗೆ ಟಿವಿಎಸ್‌ಗೂ ಟ್ವಿನ್ ಸ್ಕ್ರೂಗೂ ಜಗಳ ಬೇಡ; ಯಾವ ಕಿಟ್‌ನ ಟ್ಯೂನ್ (ಎಂಜಿನ್ ಕಂಪ್ಯೂಟರಿನ ಹೊಂದಿಕೆ), ಇಂಧನ ವ್ಯವಸ್ಥೆ, ಇಂಟರ್‌ಕೂಲರ್ ಗಟ್ಟಿಯಾಗಿವೆಯೋ ಅದನ್ನೇ ಕೊಳ್ಳಿ. 12 ಪಿಎಸ್‌ಐ ದಾಟುವ ಆಸೆಯಿದ್ದರೆ ಮಾತ್ರ ಟ್ವಿನ್ ಸ್ಕ್ರೂ.

ನಿಮ್ಮ ಎಂಜಿನ್ನಿನ ಕಂಪ್ರೆಷನ್ 11:1, ಅಂದರೆ ಗಾಳಿಯನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಅದುಮುತ್ತದೆ; ಬೂಸ್ಟೂ ಸೇರಿದರೆ ಪೆಟ್ರೋಲ್ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳಬಹುದು. ಅಲ್ಲಿ ಸಿಗುವ 93 ಆಕ್ಟೇನ್ ಪೆಟ್ರೋಲ್ ಬಿಟ್ಟು ಬೇರೆ ಹಾಕಬೇಡಿ. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣಗಿನದಿರಲಿ (ಬಿಸಿಯನ್ನು ಬೇಗ ಬಿಡುವಂಥದ್ದು), ಗ್ಯಾಪ್ 0.7ರಿಂದ 0.8 ಮಿ.ಮೀ. ಮೂಲ ಗ್ಯಾಪ್ ಹಾಗೇ ಬಿಟ್ಟರೆ ಬೂಸ್ಟ್‌ನಲ್ಲಿ ಕಿಡಿ ಆರಿ ಮಿಸ್‌ಫೈರ್ ಆಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗಾಳಿ–ಇಂಧನ ಅನುಪಾತ 11.5ರ ಆಚೀಚೆ ಇರಬೇಕು. ಇನ್ನೊಂದು ಖರ್ಚನ್ನು ಮಾರುವವರು ಹೇಳುವುದಿಲ್ಲ: ಈ ಎಂಜಿನ್ನಿನ ಆಯಿಲ್ ಪಂಪ್ ಗೇರ್ ಲೋಹದ ಪುಡಿ ಒತ್ತಿ ಮಾಡಿದ್ದು. ರೆವ್ ಲಿಮಿಟರ್‌ಗೆ (ಎಂಜಿನ್ ವೇಗದ ಮೇಲ್ಮಿತಿ) ಪದೇಪದೇ ಬಡಿದರೆ ಅದು ಒಡೆಯುತ್ತದೆ, ಆಯಿಲ್ ಒತ್ತಡ ಸೊನ್ನೆಯಾಗಿ ಬೇರಿಂಗ್ ಸುಡುತ್ತದೆ. ಬಿಲೆಟ್ (ಇಡೀ ತುಂಡಿನಿಂದ ಕೊರೆದ) ಉಕ್ಕಿನ ಗೇರ್ ಮತ್ತು ಕ್ರ್ಯಾಂಕ್ ಸ್ಪ್ರಾಕೆಟ್ ಹಾಕಿಸಿ. ಅದಕ್ಕೆ ಎಂಜಿನ್ನಿನ ಮುಂದಿನ ಕವರ್ ಬಿಚ್ಚಲೇಬೇಕು.

ಪ್ರಶ್ನೆ: ಟಿವಿಎಸ್ ಕಿಟ್ ಹಾಕಿಸಿದ ಹೊಸದರಲ್ಲಿ 8 ಪಿಎಸ್‌ಐ ಬರುತ್ತಿತ್ತು. ಈಗ 5,500 ಆರ್‌ಪಿಎಂ ದಾಟಿದ ಮೇಲೆ 6ಕ್ಕೆ ಇಳಿಯುತ್ತದೆ. ಸೂಪರ್‌ಚಾರ್ಜರ್ ಹಾಳಾಯಿತೇ?
– ಸ್ಯಾನ್ ಹೋಸೆ

ಉತ್ತರ: ಬಹುಶಃ ಇಲ್ಲ, ಬೆಲ್ಟ್ ಜಾರುತ್ತಿದೆ. ಪುಲ್ಲಿಯ ಸುತ್ತ ಕಪ್ಪು ರಬ್ಬರ್ ಪುಡಿ ಕಂಡರೆ ಅನುಮಾನವೇ ಬೇಡ. ಸಣ್ಣ ಪುಲ್ಲಿಗೆ ಬೆಲ್ಟ್ ತಾಗುವ ಜಾಗವೂ ಕಡಿಮೆ. ಪುಲ್ಲಿ ಒರೆಸಿ, ಬೆಲ್ಟ್ ಬಿಗಿಹಿಡಿಯುವ ಟೆನ್ಷನರ್ ಸ್ಪ್ರಿಂಗ್ ನೋಡಿಸಿ, ಬೆಲ್ಟ್ ಹೆಚ್ಚು ಸುತ್ತಿಕೊಳ್ಳುವಂತೆ ಐಡ್ಲರ್ (ಬೆಲ್ಟಿನ ದಾರಿ ತಿರುಗಿಸುವ ಪುಲ್ಲಿ) ಜಾಗ ಬದಲಿಸಿ. ಅಂಟುವ ಸ್ಪ್ರೇ ಹೊಡೆಯಬೇಡಿ; ಧೂಳು ಹಿಡಿದು ಮತ್ತೆ ಜಾರುತ್ತದೆ.

ಬೆಲ್ಟ್ ಸರಿಯಿದ್ದರೆ ಬೈಪಾಸ್ ವಾಲ್ವ್ (ಬೂಸ್ಟ್ ಬೇಡದಾಗ ಗಾಳಿಯನ್ನು ಹಿಂದಕ್ಕೆ ಬಿಡುವ ಕವಾಟ) ನೋಡಿ. ಅದು ತೆರೆದೇ ಸಿಕ್ಕಿಕೊಂಡರೆ ಬೂಸ್ಟ್ ಸೋರುತ್ತದೆ. ಅದನ್ನು ತೆರೆಯುವ ಡಯಾಫ್ರಂ (ತೆಳು ಪೊರೆ) ಹರಿದರೆ ಮುಚ್ಚಿಯೇ ಉಳಿಯುತ್ತದೆ: ನಿಧಾನವಾಗಿ ಓಡಿಸುವಾಗಲೂ ಕೂಗು, ಬಿಸಿ, ಮೈಲೇಜ್ ಇಳಿತ. ಬೂಸ್ಟ್ ಸರಿಯಿದ್ದೂ ಶಕ್ತಿ ಕುಸಿದರೆ ಇಂಟರ್‌ಕೂಲರ್ ನೀರಿನಲ್ಲಿ ಗಾಳಿ ಗುಳ್ಳೆ ಸಿಕ್ಕಿರಬಹುದು. ಪಂಪ್ ಓಡುವಾಗ ತೊಟ್ಟಿಯ ಮುಚ್ಚಳ ತೆಗೆದು ನೀರು ಸುತ್ತುತ್ತಿದೆಯೇ ನೋಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಿಗುವ 12 ವೋಲ್ಟ್ 'ಎಲೆಕ್ಟ್ರಿಕ್ ಸೂಪರ್‌ಚಾರ್ಜರ್' ನನ್ನ 1.5 ಲೀಟರ್ ಕಾರಿಗೆ ಆದೀತೇ?
– ಹುಬ್ಬಳ್ಳಿ

ಉತ್ತರ: ಅದು ಫ್ಯಾನ್. 6,000 ಆರ್‌ಪಿಎಂನಲ್ಲಿ ನಿಮ್ಮ ಎಂಜಿನ್ನಿಗೆ ಬರೀ 5 ಪಿಎಸ್‌ಐ ಕೊಡಲು ಸುಮಾರು 4 ಕಿಲೋವ್ಯಾಟ್ ಬೇಕು. 12 ವೋಲ್ಟ್‌ನಲ್ಲಿ ಅದು 300 ಆಂಪಿಯರ್‌ಗೂ ಮೇಲೆ, ಈ ಫ್ಯಾನಿನ ತೆಳು ವೈರು ಕ್ಷಣದಲ್ಲಿ ಸುಟ್ಟುಹೋದೀತು. 2016ರಲ್ಲಿ ಬಂದ ಡೀಸೆಲ್ ಆಡಿ ಎಸ್‌ಕ್ಯೂ7ನ ಅಸಲಿ ವಿದ್ಯುತ್ ಕಂಪ್ರೆಸರ್ 7 ಕಿಲೋವ್ಯಾಟಿನದು, ಅದಕ್ಕೆಂದೇ 48 ವೋಲ್ಟ್ ವ್ಯವಸ್ಥೆ ಇತ್ತು. ಫ್ಯಾನ್ ಬಿಟ್ಟು ನಿಜವಾದ ಸೂಪರ್‌ಚಾರ್ಜರ್ ಹಾಕಿಸುವ ಯೋಚನೆ ಬಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ, ವಿಮೆ ಕಂಪನಿಯೂ ಕ್ಲೇಮ್ ವೇಳೆ ಇದನ್ನೇ ಎತ್ತಬಹುದು.