ಶೇಕಡಾ 3.1 ನೋಡಿ ನಾನು ಕಾಫಿ ನಾಟಿ ನಿಲ್ಲಿಸಿದೆ

ಯಾರಿಗೂ ಪತ್ತೆಯಾಗದ ಕ್ಷುದ್ರಗ್ರಹವೊಂದು ಭೂಮಿಯತ್ತ ಬರುತ್ತಿರಬಹುದೇ, ಹಾಗಿದ್ದರೆ ಹತ್ತು ವರ್ಷದ ಯೋಜನೆಗೆ ಅರ್ಥವಿದೆಯೇ ಎಂದು ಕೇಳಿದ್ದೀರಿ. ಬರುತ್ತಿರಬಹುದು. ಚಿಕ್ಕ ಗಾತ್ರದ್ದಾದರೆ ಅಲ್ಲಗಳೆಯಲು ಯಾರಿಂದಲೂ ಆಗದು. ಆದರೆ ಪತ್ತೆಯಾಗದ ಕ್ಷುದ್ರಗ್ರಹದ ಭಯಕ್ಕೆ ಮಡಿಕೇರಿಯ ನಿವೇಶನದಲ್ಲಿ ಮನೆ ಕಟ್ಟುವ ಸಾಲದ ಅರ್ಜಿಯನ್ನೇ ತಡೆಹಿಡಿದಿದ್ದೇನೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ಮನಿರಲಾಗಲಿಲ್ಲ. 2025ರ ಫೆಬ್ರವರಿಯಲ್ಲಿ ನಾನು ಇದನ್ನೇ ಮಾಡಿದ್ದೆ.

ಸಿದ್ದಾಪುರದ ಬಳಿ ನಮ್ಮದು ರೊಬಸ್ಟಾ ತೋಟ. ಹಳೆಯ ಗಿಡಗಳನ್ನು ಕಿತ್ತು, ಮರುನಾಟಿಗೆಂದು ಎರಡು ಎಕರೆ ಖಾಲಿ ಮಾಡಿಟ್ಟಿದ್ದೆವು. ನರ್ಸರಿಗೆ ಮುಂಗಡ ಕೊಟ್ಟಾಗಿತ್ತು. ಬೇಸಿಗೆಯ ಮೊದಲ ಮಳೆ ಬಿದ್ದೊಡನೆ ಗುಂಡಿ ತೋಡಿಸುವುದು, ಜೂನ್‌ನಲ್ಲಿ ನೆಡುವುದು ಎಂದು ಅಪ್ಪನೊಡನೆ ಮಾತಾಗಿತ್ತು. ಅಷ್ಟರಲ್ಲಿ 2024 ವೈಆರ್4 ಎಂಬ ಕ್ಷುದ್ರಗ್ರಹದ ಸುದ್ದಿ ಬಂತು. 2024ರ ಡಿಸೆಂಬರ್ 27ರಂದು ಚಿಲಿಯ ಅಟ್ಲಾಸ್ ದೂರದರ್ಶಕ ಕಂಡುಹಿಡಿದ, ಸುಮಾರು 60 ಮೀಟರ್ ಅಗಲದ ಕಲ್ಲು ಅದು. 2032ರ ಡಿಸೆಂಬರ್ 22ರಂದು ಭೂಮಿಗೆ ಅಪ್ಪಳಿಸಬಹುದು ಎಂದರು. ಅಪ್ಪಳಿಸಿದರೆ ಎಲ್ಲಿ ಎಂಬ ಪಟ್ಟಿ ಪೆಸಿಫಿಕ್ಕಿನಿಂದ ಹೊರಟು ಆಫ್ರಿಕಾ, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೆ ಹಾದಿತ್ತು.

ರೊಬಸ್ಟಾ ಗಿಡ ಪೂರ್ತಿ ಫಸಲಿಗೆ ಬರಲು ಏಳೆಂಟು ವರ್ಷ ಬೇಕು. 2025ಕ್ಕೆ ಏಳು ಕೂಡಿಸಿ ನೋಡಿ, ನನ್ನ ತಲೆಯಲ್ಲಿ ಏನು ಹೊಕ್ಕಿತೆಂದು ತಿಳಿಯುತ್ತದೆ.

ಜನವರಿ ಕೊನೆಗೆ ಡಿಕ್ಕಿಯ ಸಾಧ್ಯತೆ ಶೇ. 1 ದಾಟಿತು. ಫೆಬ್ರವರಿ ಮೊದಲ ವಾರದಲ್ಲಿ 2 ದಾಟಿತು. 18ರಂದು 3.1. ದಿನವೂ ಏರುತ್ತಿದ್ದ ಆ ಸಂಖ್ಯೆಯನ್ನು ನಾನು ಜ್ವರದ ಕಾವು ಏರಿದಂತೆ ಓದಿದೆ. ನನ್ನ ತಪ್ಪು ಅಲ್ಲೇ ಇತ್ತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಮುಂದಿನ ಬಾರಿ ಇಂಥ ಸುದ್ದಿ ಬಂದಾಗ ನೀವೂ ಹೀಗೆಯೇ ಓದುತ್ತೀರಿ.

ಕಾಡಿನಿಂದ ಇಳಿದ ಒಂಟಿ ಸಲಗ ಹತ್ತು ತೋಟಗಳ ಪೈಕಿ ಯಾವುದೋ ಒಂದರಲ್ಲಿದೆ ಎಂದು ಅರಣ್ಯ ಇಲಾಖೆಯವರು ಹೇಳಿದರೆನ್ನಿ. ಹೆಜ್ಜೆ ಗುರುತು, ಲದ್ದಿ ನೋಡುತ್ತಾ ಏಳು ತೋಟಗಳಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡರು. ಉಳಿದ ಮೂರರಲ್ಲಿ ನಮ್ಮದೂ ಒಂದು. ಹತ್ತರಲ್ಲಿ ಒಂದಿದ್ದ ಸಾಧ್ಯತೆ ಮೂರರಲ್ಲಿ ಒಂದಾಯಿತು. ಆನೆ ನಮ್ಮತ್ತ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ, ಹುಡುಕುವವರ ತಿಳಿವಳಿಕೆ ಹೆಚ್ಚಾಗಿದೆ, ಅಷ್ಟೆ. ಮತ್ತೊಂದು ಗುರುತು ಪಕ್ಕದ ತೋಟದಲ್ಲಿ ಸಿಕ್ಕರೆ ನಮ್ಮ ಪಾಲಿನ ಸಾಧ್ಯತೆ ಒಂದೇ ಏಟಿಗೆ ಶೂನ್ಯ. ಕ್ಷುದ್ರಗ್ರಹದ ವಿಷಯದಲ್ಲಿಯೂ ಇದೇ ಆಗುವುದು. ಹೊಸ ಅಳತೆಗಳು ಸೇರಿದಂತೆ ಅದು ಹಾದುಹೋಗಬಹುದಾದ ಪಟ್ಟಿ ಕಿರಿದಾಗುತ್ತದೆ. ಭೂಮಿ ಆ ಪಟ್ಟಿಯೊಳಗೆ ಇರುವವರೆಗೂ ಶೇಕಡಾವಾರು ಏರುತ್ತದೆ, ಹೊರಗೆ ಬಿದ್ದೊಡನೆ ಕುಸಿಯುತ್ತದೆ. 2004ರ ಡಿಸೆಂಬರ್‌ನಲ್ಲಿ ಅಪೋಫಿಸ್ ಎಂಬ ಕ್ಷುದ್ರಗ್ರಹದ ವಿಷಯದಲ್ಲಿ ಹೀಗೆಯೇ ಶೇ. 2.7ರವರೆಗೆ ಏರಿ ಇಳಿದಿತ್ತು. ಅದು 2029ರ ಏಪ್ರಿಲ್ 13ರಂದು ನೆಲದಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಲಿದೆ, ಡಿಕ್ಕಿ ಹೊಡೆಯುವುದಿಲ್ಲ. ಈ ಹಳೆಯ ಕಥೆ ಗೊತ್ತಿದ್ದರೆ ನಾನು ಒಂದು ವಾರ ಕಾಯುತ್ತಿದ್ದೆ.

ಕಾಯಲಿಲ್ಲ. ಏರುತ್ತಿರುವುದು ಏರುತ್ತಲೇ ಹೋಗುತ್ತದೆ ಎಂದುಕೊಂಡು ನರ್ಸರಿಗೆ ಫೋನ್ ಮಾಡಿ ಗಿಡ ಬೇಡ ಎಂದೆ. ಅದೇ ವಾರ ಸಾಧ್ಯತೆ ಶೂನ್ಯದ ಹತ್ತಿರಕ್ಕೆ ಇಳಿಯಿತು. ಮತ್ತೆ ಫೋನ್ ಮಾಡಿದಾಗ ಗಿಡಗಳು ಬೇರೆಯವರ ಪಾಲಾಗಿದ್ದವು. ರೊಬಸ್ಟಾ ಬೆಲೆ ದಾಖಲೆ ಮುಟ್ಟಿದ್ದ ವರ್ಷ, ಎಲ್ಲರೂ ನೆಡುವವರೇ. ಮುಂಗಡ ಹೋಯಿತು. ಗಿಡವಿಲ್ಲದ ಎರಡು ಎಕರೆಯ ಮೇಲ್ಮಣ್ಣನ್ನು ಆ ಮಳೆಗಾಲ ತೋಡಿಗೆ ಒಯ್ದಿತು, ಉಳಿದ ನೆಲದಲ್ಲಿ ಲಂಟಾನ ಎದ್ದಿತು. ಅಪ್ಪ ಬೈಯಲಿಲ್ಲ. "ಗುಂಡಿ ಯಾವಾಗ ತೋಡಿಸುತ್ತೀಯ?" ಎಂದು ಮಾತ್ರ ಕೇಳುತ್ತಿದ್ದರು, ಅದಕ್ಕೆ ಉತ್ತರ ಕೊಡುವುದೇ ಕಷ್ಟವಾಗಿತ್ತು.

ನೀವು ಕೇಳಿದ್ದು ಪತ್ತೆಯಾಗದ್ದರ ಬಗ್ಗೆ ಎಂದು ಗೊತ್ತು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ, ಸುಮಾರು 20 ಮೀಟರಿನ ಕಲ್ಲು ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾವ ದೂರದರ್ಶಕಕ್ಕೂ ಕಾಣಲಿಲ್ಲ. ಗಾಯಗೊಂಡ ಸುಮಾರು 1,500 ಜನರಲ್ಲಿ ಹೆಚ್ಚಿನವರಿಗೆ ತಗುಲಿದ್ದು ಒಡೆದ ಗಾಜು. ಬೆಳಕು ಕಂಡು ಏನೆಂದು ನೋಡಲು ಕಿಟಕಿಗೆ ಬಂದವರಿದ್ದರು, ಆಘಾತದ ಅಲೆ ಬಂದದ್ದು ಎರಡು ನಿಮಿಷಕ್ಕೂ ತಡವಾಗಿ. ಆಕಾಶದಲ್ಲಿ ಸೂರ್ಯನನ್ನು ಮೀರಿಸುವ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಿರಿ, ಮಕ್ಕಳಿಗೂ ಹೇಳಿಕೊಡಿ. ಒಬ್ಬ ವ್ಯಕ್ತಿಯಾಗಿ ನೀವು ಮಾಡಬಹುದಾದದ್ದು ಬಹುಮಟ್ಟಿಗೆ ಇಷ್ಟೇ.

ಭೂಮಿಯ ಹತ್ತಿರ ಸುಳಿಯುವ ಕ್ಷುದ್ರಗ್ರಹಗಳ ಪೈಕಿ ಒಂದು ಕಿಲೋಮೀಟರ್ ಮೀರಿದವುಗಳಲ್ಲಿ ಶೇ. 95ರಷ್ಟು ಈಗಾಗಲೇ ಪತ್ತೆಯಾಗಿವೆ. 140 ಮೀಟರ್ ಮೀರಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಸಿಕ್ಕಿಲ್ಲ. ನನಗೆ ಕಳವಳ ಇರುವುದು ಈ ಎರಡನೆಯ ಅಂಕಿಯ ಬಗ್ಗೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದನ್ನು ಕಡಿಮೆ ಮಾಡುವುದು ನೀವು ಸಾಲ ತೆಗೆದುಕೊಳ್ಳದೇ ಇರುವುದಲ್ಲ, ಹುಡುಕುವ ಉಪಕರಣಗಳು. ಸೂರ್ಯನ ಹತ್ತಿರದ ದಿಕ್ಕಿನಲ್ಲಿಯೂ ಶಾಖದ ಬೆಳಕಿನಲ್ಲಿ ಹುಡುಕಬಲ್ಲ ನಿಯೋ ಸರ್ವೇಯರ್ ದೂರದರ್ಶಕವನ್ನು ನಾಸಾ ಸಿದ್ಧಪಡಿಸುತ್ತಿದೆ. ಮೊದಲೇ ಸಿಕ್ಕರೆ ದಾರಿ ತಪ್ಪಿಸಬಹುದು: 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಗುದ್ದಿ, ಅದು ತನ್ನ ಜೊತೆಗಿನ ದೊಡ್ಡ ಕ್ಷುದ್ರಗ್ರಹವನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗಿಂತ ಹೆಚ್ಚು ತಗ್ಗಿಸಿತು. ಸರ್ಕಾರಗಳು ಮುಚ್ಚಿಡುತ್ತವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಳತೆಗಳು, ಜಗತ್ತಿನೆಲ್ಲೆಡೆಯ ಕ್ಷುದ್ರಗ್ರಹ ವೀಕ್ಷಣೆಗಳನ್ನು ಒಟ್ಟುಗೂಡಿಸುವ ಮೈನರ್ ಪ್ಲಾನೆಟ್ ಸೆಂಟರ್‌ನಲ್ಲಿ ಎಲ್ಲರಿಗೂ ತೆರೆದಿರುತ್ತವೆ, ಹವ್ಯಾಸಿಗಳೂ ಲೆಕ್ಕ ಹಾಕಿ ನೋಡುತ್ತಾರೆ.

ಇನ್ನು ನಿಮ್ಮ ಮನೆ. "ಹತ್ತು ವರ್ಷದ ಯೋಜನೆಗೆ ಅರ್ಥವಿದೆಯೇ" ಎಂಬ ಪ್ರಶ್ನೆಯೇ ತಪ್ಪು. ನಿವೇಶನ ಇಳಿಜಾರಿನಲ್ಲಿದೆ ಎಂದೂ ಬರೆದಿದ್ದೀರಿ, ಕೇಳಬೇಕಾದದ್ದು ಅದರ ಬಗ್ಗೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಮೊದಲು ಭೂವಿಜ್ಞಾನಿಯೊಬ್ಬರಿಂದ ಮಣ್ಣು ಪರೀಕ್ಷೆ ಮಾಡಿಸಿ, ಗುಡ್ಡ ಕಡಿದು ಸಮತಟ್ಟು ಮಾಡಬೇಡಿ, ಮಳೆನೀರು ಹರಿದುಹೋಗುವ ದಾರಿಯನ್ನು ಮುಚ್ಚಬೇಡಿ. ನೆಲ ಗಟ್ಟಿ ಎಂದರೆ ಅದೇ ವಾರ ಬ್ಯಾಂಕಿಗೆ ಹೋಗಿ.